ಮನೆಯ ಹಿರಿಯರಿಗೆ ಮಾತಿನ ಹಿಂಸೆ: ಗುರುತಿಸುವುದು ಹೇಗೆ, ಮೊದಲು ಏನು ಮಾಡಬೇಕು?

ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳ ಕಣ್ಣಿಗೇ ಇದು ಮೊದಲು ಬೀಳುವುದು. ಅವ್ವ ಮೊದಲಿನಂತೆ ಮಾತಾಡುತ್ತಿಲ್ಲ. ಉಂಡಿ ಡಬ್ಬಿಗೆ ಕೈ ಹಾಕುವ ಮೊದಲು ಸೊಸೆಯ ಮುಖ ನೋಡುತ್ತಾಳೆ. ಅಪ್ಪ ಪಡಸಾಲೆ ಬಿಟ್ಟು ಹಿತ್ತಲ ಪತ್ರಾಸ್ ಶೆಡ್ಡಿಗೆ ಹಾಸಿಗೆ ಒಯ್ದಿದ್ದಾನೆ. ಕೇಳಿದರೆ "ಇಲ್ಲೇ ಗಾಳಿ ಚಲೋ ಬರ್ತೈತಿ" ಅನ್ನುತ್ತಾನೆ. ನಾವೂ "ವಯಸ್ಸಾಯ್ತು, ಅದಕ್ಕೇ" ಅಂದುಕೊಂಡು ಹಬ್ಬ ಮುಗಿಸಿ ಬಸ್ ಹತ್ತುತ್ತೇವೆ.

ಮೈಮೇಲೆ ಬಾಸುಂಡೆ ಎದ್ದರೆ ಓಣಿಯವರೇ ಬಂದು ಕೇಳುತ್ತಾರೆ. ಮಾತಿನಿಂದ, ಹೆದರಿಕೆಯಿಂದ, ಮಾತು ಬಿಟ್ಟು ಒಬ್ಬರನ್ನು ಕುಗ್ಗಿಸಿದರೆ ಕೇಳುವವರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 60 ದಾಟಿದ ಆರು ಮಂದಿಯಲ್ಲಿ ಒಬ್ಬರು ಒಂದು ವರ್ಷದಲ್ಲಿ ಯಾವುದಾದರೂ ಬಗೆಯ ದೌರ್ಜನ್ಯ ಅನುಭವಿಸಿರುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಹೊಡೆತ ಅಲ್ಲ, ಹಣ ಕಸಿಯುವುದೂ ಅಲ್ಲ. ಇದೇ ಮಾನಸಿಕ ಹಿಂಸೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದೂರದೂರಿನ ಮಗಳು, ಪಕ್ಕದ ಮನೆಯವರು, ಆಶಾ ಕಾರ್ಯಕರ್ತೆ, ಯಾರು ಬೇಕಾದರೂ ಬಳಸಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ನಮ್ಮಲ್ಲಿ ಹೆಚ್ಚಿನವರು ಜಗಳದಿಂದ ಶುರು ಮಾಡುತ್ತಾರೆ. ತಮ್ಮನನ್ನು ನಿಲ್ಲಿಸಿ ನಾಲ್ಕು ಬೈದು, ನಾಲ್ಕು ಮಂದಿಯನ್ನು ಕೂಡಿಸಿ ಪಂಚಾಯ್ತಿ ಮಾಡಿ ಹೊರಟುಬಿಡುತ್ತಾರೆ. ಬಸ್ ಹೋದ ಮೇಲೆ ಆ ಮನೆಯಲ್ಲಿ ಉಳಿಯುವವಳು ಅವ್ವ. ಆ ಜಗಳದ ಬಡ್ಡಿ ತೀರಿಸುವವಳೂ ಅವಳೇ. ಹಾಗಾಗಿ ಜಗಳ ಕೊನೆಗಿರಲಿ. ಮೊದಲು ಅವಳ ಫೋನು, ಅವಳ ಹಣ, ಅವಳ ಕಾಗದ ಅವಳ ಕೈಗೆ ಬರಬೇಕು.

ಏನನ್ನು ನೋಡಬೇಕು

ನಮ್ಮ ಕಡೆ ಮಾತೇ ಒರಟು. "ಏ ಮುದುಕಿ, ಎಷ್ಟ್ ತಿಂತಿ" ಅಂತ ಮೊಮ್ಮಗ ಅಂದರೆ ಒಂದು ಮನೆಯಲ್ಲಿ ಆಯಿ ನಗುತ್ತಾ ಅವನ ಬೆನ್ನಿಗೆ ಗುದ್ದುತ್ತಾಳೆ. ಇನ್ನೊಂದು ಮನೆಯಲ್ಲಿ ಅದೇ ಮಾತಿಗೆ ತಟ್ಟೆ ಸರಿಸಿ ಎದ್ದು ಹೋಗುತ್ತಾಳೆ. ಮಾತು ಎಷ್ಟು ಒರಟು ಅಂತ ಅಳೆಯೋಕೆ ಹೋಗಬೇಡಿ. ಮಾತು ಬಿದ್ದ ಮೇಲೆ ಹಿರಿಯರು ಏನು ಮಾಡುತ್ತಾರೆ ಅನ್ನುವುದನ್ನು ನೋಡಿ.

ಮಗನ ಗಾಡಿ ಸದ್ದು ಕೇಳಿದ ಕೂಡಲೇ ಮಾತು ನಿಂತುಹೋಗುತ್ತದಾ? ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಬೇರೆಯವರ ಮುಖ ನೋಡುತ್ತಾರಾ? ಫೋನ್ ಮಾಡಿದಾಗಲೆಲ್ಲ ಸ್ಪೀಕರ್ ಹಾಕಿರುತ್ತಾರಾ, ಪಕ್ಕದಲ್ಲಿ ಯಾರೋ ಉಸಿರಾಡುವುದು ಕೇಳುತ್ತದಾ? ದಿನಾ ಗುಡಿ ಕಟ್ಟೆಗೆ ಕೂರುತ್ತಿದ್ದ ಅಜ್ಜ ಈಗ ಹೋಗುತ್ತಿಲ್ಲ, ಭಜನೆಗೆ ತಪ್ಪದೇ ಬರುತ್ತಿದ್ದ ಕಾಕು ಬರುತ್ತಿಲ್ಲ ಅಂದರೆ ಮೊಣಕಾಲು ನೋವು ಒಂದೇ ಕಾರಣ ಇರಲಿಕ್ಕಿಲ್ಲ. "ನನ್ನಿಂದ ಎಲ್ಲಾರ್ಗೂ ತ್ರಾಸ", "ದೇವ್ರು ಯಾಕ್ ಇನ್ನೂ ಇಟ್ಟಾನೋ" ಅನ್ನುವ ಮಾತು ಒಮ್ಮೊಮ್ಮೆ ಎಲ್ಲ ಹಿರಿಯರ ಬಾಯಲ್ಲೂ ಬರುತ್ತದೆ. ದಿನಾ ಬಂದರೆ, ಅದೂ ದನಿ ತಗ್ಗಿಸಿ ಬಂದರೆ, ಆ ಮಾತನ್ನು ಅವರಿಗೆ ಯಾರೋ ಕಲಿಸಿದ್ದಾರೆ ಅಂತ ಅರ್ಥ.

ಊಟದ ಹೊತ್ತಿಗೆ ಹೋಗಿ ನೋಡಿದರೆ ಇನ್ನೂ ತಿಳಿಯುತ್ತದೆ. ಹಲ್ಲಿಲ್ಲದ ಆಯಿಯ ತಟ್ಟೆಗೆ ಮೊನ್ನೆ ಬಡಿದಿಟ್ಟ ಖಡಕ್ ರೊಟ್ಟಿ ಬಿದ್ದಿರುತ್ತದೆ. ಪಕ್ಕದಲ್ಲಿ ಒಂದು ಚಮಚ ಶೇಂಗಾ ಚಟ್ನಿ. ನೆನೆಸಿಕೊಳ್ಳೋಕೆ ಸಾರೂ ಇಲ್ಲ, ಮಜ್ಜಿಗೆಯೂ ಇಲ್ಲ. ಅವಳು ರೊಟ್ಟಿಯನ್ನು ಸಣ್ಣಗೆ ಮುರಿದು ನೀರಿನ ಲೋಟಕ್ಕೆ ಹಾಕಿ ಮೆತ್ತಗಾಗುವ ತನಕ ಕಾಯುತ್ತಾಳೆ. ಅದೇ ಹೊತ್ತಿಗೆ ಒಳಗಡೆ ಬಿಸಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿರುತ್ತದೆ. ಓಣಿಯಲ್ಲಿ ಯಾರಾದರೂ ಕೇಳಿದರೆ "ಎರಡ ಹೊತ್ತು ಊಟಾ ಹಾಕ್ತೀವಿ" ಅನ್ನುತ್ತಾರೆ. ಅದೇನೂ ಸುಳ್ಳಲ್ಲ. ಆದರೆ ಆ ತಟ್ಟೆ ದಿನಕ್ಕೆ ಎರಡು ಸಲ ಅವಳಿಗೆ "ನೀನು ಬೇಡ" ಅಂತ ಹೇಳುತ್ತಿದೆ. ಒಡೆದ ಚಷ್ಮಾ ತಿಂಗಳುಗಟ್ಟಲೆ ಹಾಗೇ ಇರುವುದು, ಕಿವಿ ಮಷೀನಿಗೆ ಸೆಲ್ ತಂದುಕೊಡದಿರುವುದು, ಮನೆಯ ಮದುವೆ ಮಾತುಕತೆ ಅವರಿಗೆ ತಿಳಿಸದೇ ನಡೆಸುವುದು, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು, ಇವೂ ಅದೇ ಸಾಲಿನವು.

ಬೆದರಿಕೆಗೆ ನಮ್ಮಲ್ಲಿ ಸಿದ್ಧ ಮಾತುಗಳಿವೆ. "ಆಶ್ರಮಕ್ಕ ಹಾಕ್ತೀನಿ." "ಗೋವಾಕ್ಕ ಹೋಗಿ ಕುಂದರ್ತೀನಿ, ಸತ್ರೂ ಬರಂಗಿಲ್ಲ." ಎಲ್ಲಕ್ಕಿಂತ ಕೆಟ್ಟದ್ದು "ನಿನಗ ಅರಳು ಮರಳು" ಅನ್ನುವುದು. ಇದನ್ನು ನಾಲ್ಕು ಜನರ ಮುಂದೆ ಹತ್ತು ಸಲ ಅಂದರೆ ಹಿರಿಯರು ಆಮೇಲೆ ಏನು ದೂರಿದರೂ ಯಾರೂ ನಂಬುವುದಿಲ್ಲ. ಕೊನೆಗೆ ಅವರಿಗೇ ತಮ್ಮ ನೆನಪಿನ ಮೇಲೆ ನಂಬಿಕೆ ಹೋಗುತ್ತದೆ.

ಹಣದ ಕಡೆಗೂ ಒಂದು ಕಣ್ಣಿರಲಿ. ಕಬ್ಬಿನ ಬಿಲ್ಲು ಅಪ್ಪನ ಖಾತೆಗೆ ಬೀಳುವ ಮನೆ, ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರ ಬರಬೇಕಾದ ಮನೆ, ವಾಟ್ನಿ (ಆಸ್ತಿ ಪಾಲು) ಆಗದ ಹೊಲ ಇರುವ ಮನೆ. ಇಂಥಲ್ಲಿ ಸಹಿ ಬೀಳುವ ದಿನ ಹತ್ತಿರ ಬಂದಂತೆ ಮಾತಿನ ಧಾಟಿ ಬದಲಾಗುತ್ತದೆ. ಒಂದೋ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ, ಇಲ್ಲಾ ಮಾತೇ ನಿಂತುಹೋಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಆಗಿರುವವಳ ಹೆಸರಿಗೆ. ಅದು ಅತ್ತೆಯ ಹೆಸರೋ ಸೊಸೆಯ ಹೆಸರೋ ಅನ್ನುವುದೇ ಎಷ್ಟೋ ಮನೆಗಳಲ್ಲಿ ದಿನನಿತ್ಯದ ಚುಚ್ಚುಮಾತಾಗಿದೆ.

ಒಂದು ದಿನದ ಸಿಟ್ಟನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ರಾತ್ರಿಯೆಲ್ಲ ನಿದ್ದೆಗೆಟ್ಟ ಸೊಸೆ ಬೆಳಿಗ್ಗೆ ಒಂದು ಮಾತು ಅಂದು, ಮಧ್ಯಾಹ್ನ ತಾನೇ ಬಂದು ತಲೆಗೆ ಎಣ್ಣೆ ಹಚ್ಚುವ ಮನೆ ಬೇರೆ. ಅದೇ ಮಾತು, ಅದೇ ಹೆದರಿಕೆ ಮತ್ತೆ ಮತ್ತೆ ಬರುತ್ತಿರುವ ಮನೆ ಬೇರೆ.

ರೋಗವೂ ಇರಬಹುದು

ಮಂಕಾಗಿರುವುದು, ಉಣ್ಣದಿರುವುದು, ಅನುಮಾನ ಪಡುವುದು, ಇವು ಕಾಯಿಲೆಯಿಂದಲೂ ಬರುತ್ತವೆ. ಮರೆವಿನ ಕಾಯಿಲೆ ಶುರುವಾದವರು ಇಟ್ಟ ವಸ್ತು ಮರೆತು "ಸೊಸೆ ಕದ್ದಳು" ಅನ್ನುವುದು ಬಹಳ ಸಾಮಾನ್ಯ. ಒಂದೆರಡು ದಿನದಲ್ಲೇ ಗಲಿಬಿಲಿ ಆಗಿ ಏನೇನೋ ಮಾತಾಡುತ್ತಿದ್ದರೆ ಅದು ಮೂತ್ರದ ಸೋಂಕಿನಿಂದಲೋ, ರಕ್ತದಲ್ಲಿ ಸೋಡಿಯಂ ಇಳಿದದ್ದರಿಂದಲೋ ಇರಬಹುದು. ತಡ ಮಾಡದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಖಿನ್ನತೆ ಅನಿಸಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ.

ಆದರೆ ಮರೆವು ಇದೆ ಅಂದಮಾತ್ರಕ್ಕೆ ಹಿಂಸೆ ಇಲ್ಲ ಅಂತಲ್ಲ. ಮರೆವಿನವರಿಗೆ ಹಿಂಸೆ ಕೊಡುವುದು ಇನ್ನೂ ಸುಲಭ, ಅಲ್ವಾ? ಎರಡನ್ನೂ ಒಟ್ಟಿಗೇ ನೋಡಬೇಕು.

ಮೊದಲ ಹೆಜ್ಜೆ: ಒಬ್ಬರೇ ಇರುವಾಗ ಮಾತಾಡಿ

ಮನೆಯೊಳಗೆ ಕೂತು ಕೇಳಿದರೆ ಸತ್ಯ ಸಿಗುವುದಿಲ್ಲ. ಹೊರಗೆ ಕರೆದೊಯ್ಯಲು ಒಂದು ನೆವ ಬೇಕು. ಕಣ್ಣು ತೋರಿಸೋದಿದೆ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತೋದಿದೆ, ಸವದತ್ತಿ ಎಲ್ಲಮ್ಮನಿಗೆ ಹರಕೆ ಇದೆ, ಬಾದಾಮಿ ಬನಶಂಕರಿಗೆ ಹೋಗಿ ಬರೋಣ. ಹೆಂಗಸರಿಗೆ ಈಗ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವೂ ಇಲ್ಲ. ಕಿಟಕಿ ಪಕ್ಕ ಕೂತ ಅವ್ವ ಎರಡು ಸ್ಟಾಪ್ ದಾಟುವಷ್ಟರಲ್ಲಿ ತಾನೇ ಬಾಯಿ ಬಿಡುತ್ತಾಳೆ. ಅಪ್ಪಂದಿರದು ಸ್ವಲ್ಪ ಕಷ್ಟ. ಅವರು ಹೊಲದ ಬದುವಿನ ಮೇಲೆ ಕೂತಾಗ, ಚಹಾದಂಗಡಿಯ ಮುಂದೆ ನಿಂತಾಗ ಮಾತಾಡುತ್ತಾರೆ. ಎದುರಾ ಬದುರಾ ಕೂರಿಸಿ ಕೇಳಿದರೆ ಹೇಳುವುದಿಲ್ಲ.

"ನಿನಗ ಮನ್ಯಾಗ ಹಿಂಸಾ ಕೊಡ್ತಾರೇನು?" ಅಂತ ನೇರ ಕೇಳಿದರೆ ಉತ್ತರ "ಛೇ, ಹಂಗೇನಿಲ್ಲ." ಹೊಟ್ಟೆಯಲ್ಲಿ ಹುಟ್ಟಿದ ಮಗನ ಹೆಸರು ಕೆಡಿಸಲು ಯಾವ ತಾಯಿಗೂ ಮನಸ್ಸಾಗುವುದಿಲ್ಲ. ಸಣ್ಣ ಸಣ್ಣದನ್ನು ಕೇಳಿ. "ನಿನ್ನಿ ಯಾರ ಜೋಡಿ ಕುಂತು ಉಂಡಿ?" "ಚಷ್ಮಾ ಯಾವಾಗಿಂದ ಒಡದೈತಿ?" "ಈ ತಿಂಗಳ ಪಗಾರ (ಪಿಂಚಣಿ) ಯಾರು ತಂದ್ರು?" "ಅಂವಾ ಸಿಟ್ಟಿಗೆದ್ರ ಏನೇನ್ ಅಂತಾನ?" ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ಎಷ್ಟೇ ಕಷ್ಟವಾದರೂ ನೀವು ತುಂಬಬೇಡಿ. ಪಕ್ಕದ ಮನೆಯವರಾದರೆ ಇನ್ನೂ ಹಗುರವಾಗಿ ಶುರು ಮಾಡಿ: "ಮುತ್ಯಾ, ಈಗೀಗ ಕಟ್ಟಿ ಕಡೆ ಬರೂದ ಬಿಟ್ಟೀರಲ್ಲ, ಯಾಕ್ರಿ?"

ಹೇಳಿಕೊಂಡಾಗ "ಸ್ವಲ್ಪ ಹೊಂದ್ಕೊಂಡು ಹೋಗವ್ವಾ" ಅನ್ನಬೇಡಿ. ಅವರು ಹೊಂದಿಕೊಂಡೇ ಇಲ್ಲಿಗೆ ಬಂದಿದ್ದಾರೆ. "ಇವತ್ತೇ ಅವನಿಗೆ ಕೇಳ್ತೀನಿ" ಅಂತ ಕೂಗಲೂಬೇಡಿ, ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ. "ನೀ ಹೇಳಿದ್ದು ಚಲೋ ಆತು. ನಿನ್ನ ಕೇಳದ ನಾ ಏನೂ ಮಾಡಂಗಿಲ್ಲ" ಅಂದರೆ ಸಾಕು. ಮನೆಯವರ ವಾಟ್ಸಾಪ್ ಗುಂಪಿಗೆ ಈ ಸುದ್ದಿ ಹೋಗಲೇಬಾರದು.

ಆಮೇಲೆ ಅವರಿಗೆ ಏನು ಬೇಕು ಅಂತ ಕೇಳಿ. ಉತ್ತರ ನಿಮ್ಮ ನಿರೀಕ್ಷೆಗಿಂತ ಸಣ್ಣದಿರುತ್ತದೆ. ಹೆಚ್ಚಿನವರು ಮನೆ ಬಿಡಲು ಒಪ್ಪುವುದಿಲ್ಲ, ಮಗನ ಮೇಲೆ ಕೇಸೂ ಬೇಡ ಅನ್ನುತ್ತಾರೆ. "ಸೊಸಿ ಮುಂದ ಬೈಬಾರ್ದು ಅಷ್ಟ" ಅನ್ನುತ್ತಾಳೆ ಅವ್ವ. ತಿಳಿವಳಿಕೆ ಸರಿಯಿರುವ ತನಕ ತೀರ್ಮಾನ ಅವರದೇ. ಅವರನ್ನು ಕೇಳದೇ ನೀವು ಬ್ಯಾಗು ಕಟ್ಟಿ ಕರೆದೊಯ್ದರೆ ಅದೂ ಒಂದು ಬಗೆಯ ಜಬರ್ದಸ್ತಿಯೇ.

ಎರಡನೇ ಹೆಜ್ಜೆ: ಫೋನು, ಹಣ, ಕಾಗದ

ಇದು ಸದ್ದಿಲ್ಲದೇ ಆಗುವ ಕೆಲಸ, ಆದರೆ ಇಡೀ ದಾರಿಯಲ್ಲಿ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ.

ಫೋನು. ಗುಂಡಿ ಇರುವ ಸಾದಾ ಫೋನು, ಅವರದೇ ಸಿಮ್. ಒಂದು ಗುಂಡಿ ಒತ್ತಿ ಹಿಡಿದರೆ ಮಗಳಿಗೆ, ಇನ್ನೊಂದಕ್ಕೆ ಪಕ್ಕದ ಮನೆಗೆ ಹೋಗುವಂತೆ ಹೊಂದಿಸಿ. ರೀಚಾರ್ಜ್ ನೀವೇ ದೂರದಿಂದ ಮಾಡಿ. ವಾರಕ್ಕೆರಡು ಸಲ ಗೊತ್ತಾದ ಹೊತ್ತಿಗೆ ಕರೆ ಮಾಡಿ. ಕರೆ ತಪ್ಪದೇ ಬರುತ್ತದೆ ಅನ್ನುವುದು ಮನೆಯವರಿಗೂ ಗೊತ್ತಾದರೆ ಎಷ್ಟೋ ಕಡೆ ದನಿ ತಾನಾಗಿ ತಗ್ಗುತ್ತದೆ.

ಹಣ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಬರುತ್ತಿದ್ದರೆ ಅದು ಯಾವ ಖಾತೆಗೆ, ಯಾರ ಕೈಗೆ ಅಂತ ನೋಡಿ. ಒಮ್ಮೆ ಬ್ಯಾಂಕಿಗೆ ಕರೆದೊಯ್ದು ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ವರ್ಷದ ಕಥೆ ಅದರಲ್ಲೇ ಇರುತ್ತದೆ. ಎಟಿಎಂ ಕಾರ್ಡ್ ಮೊಮ್ಮಗನ ಜೇಬಿನಲ್ಲಿದ್ದರೆ ಪಿನ್ ಬದಲಿಸಿ. ಬ್ಯಾಂಕಿನ ಮೆಸೇಜು ಹೋಗುವ ನಂಬರು ಅವರದೇ ಇರಲಿ. ಊರಲ್ಲಿ ಬ್ಯಾಂಕ್ ಮಿತ್ರ ಹೆಬ್ಬೆಟ್ಟಿನ ಮಷೀನಿನಲ್ಲಿ ಹಣ ಕೊಡುವಾಗ ಪ್ರತಿ ಸಲ ಚೀಟಿ ಕೇಳಿ ತೆಗೆದುಕೊಳ್ಳುವ ರೂಢಿ ಮಾಡಿಸಿ. "ಇಲ್ಲಿ ಬಟ್ಟ ಇಡು" ಅಂತ ಬೆರಳು ಹಿಡಿದು ಒತ್ತಿಸಿ, ಬಂದ ಹಣದಲ್ಲಿ ಅರ್ಧ ಕೈಗೆ ಕೊಡುವುದು ಹೊಸದೇನಲ್ಲ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಡೆಯಲಾಗದವರಿಗಾಗಿ ಮ್ಯಾನೇಜರ್ ಹತ್ತಿರ ಕೇಳಿ ನೋಡಿ.

ಕಾಗದ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಗಾರದ ಆದೇಶ, ಹೊಲದ ಉತಾರ (ಪಹಣಿ), ಮನೆಯ ಉತಾರ, ಆಸ್ಪತ್ರೆಯ ಚೀಟಿಗಳು. ಎಲ್ಲದರ ಫೋಟೊ ತೆಗೆದು, ಒಂದು ಝರಾಕ್ಸ್ ಕಟ್ಟನ್ನು ನಂಬುವವರ ಮನೆಯಲ್ಲಿಡಿ. ಮೂಲ ಪ್ರತಿ ಅವರ ಟ್ರಂಕಿನಲ್ಲೇ ಇರಲಿ, ಕೀಲಿ ಅವರ ಸೊಂಟದಲ್ಲಿರಲಿ.

ಸಹಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೃತ್ಯುಪತ್ರವನ್ನು ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ಹಾಗಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಯಿತೆಂದರೆ ಆಸ್ತಿ ಕೈ ಬಿಟ್ಟಂತೆಯೇ. ಕೊಡಲೇಬೇಕು ಅಂತ ಹಿರಿಯರಿಗೆ ಮನಸ್ಸಿದ್ದರೆ "ನಮ್ಮನ್ನು ಕೊನೆತನಕ ನೋಡಿಕೊಳ್ಳಬೇಕು, ಊಟ, ವಸತಿ, ಔಷಧ ಕೊಡಬೇಕು" ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಬೇಕು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಂ ಇದಕ್ಕೇ ಇದೆ. ಷರತ್ತು ಮುರಿದರೆ ಆ ಪತ್ರವನ್ನು ಮೋಸದಿಂದ ಬರೆಸಿಕೊಂಡದ್ದು ಅಂತ ಪರಿಗಣಿಸಿ ರದ್ದು ಮಾಡಬಹುದು. ಷರತ್ತು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ, ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟ ವಚನವನ್ನೂ ದಾನಪತ್ರದ ಜೊತೆ ಸೇರಿಸಿ ಓದಿ, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ನೋಡಬೇಕು ಅಂತ ದಾನಪತ್ರ ರದ್ದು ಮಾಡಿತು. ಕೋರ್ಟಿನ ಉದಾರತೆ ನಂಬಿಕೊಂಡು ಕೂರುವುದಕ್ಕಿಂತ ಒಂದು ಸಾಲು ಬರೆಸುವುದು ಸುಲಭ.

ಕೊಟ್ಟ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಬೆಳಗಾವಿಯ ಸರ್ಕಾರಿ ಆಸ್ಪತ್ರೆ ಬಿಮ್ಸ್ ಒಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮನೆಯವರು ತಂದು ಬಿಟ್ಟು ಹೋಗಿದ್ದಾರೆ ಅನ್ನುವ ಲೆಕ್ಕ 2025ರ ಮಾರ್ಚ್‌ನಲ್ಲಿ ಹೊರಬಿತ್ತು. ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳ ಮೇಲೆ ಕ್ರಮ ಆಗಬೇಕು ಅಂತ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಆಗ ಸೂಚಿಸಿದರು.

ಮೂರನೇ ಹೆಜ್ಜೆ: ಬರೆದಿಡಿ

ಒಂದು ನೋಟ್‌ಬುಕ್ ಸಾಕು. ತಾರೀಖು, ಹೊತ್ತು, ಯಾರು, ಯಾರ ಮುಂದೆ, ಏನಂದರು. ಅಂದ ಮಾತನ್ನು ಅಂದ ಹಾಗೇ ಬರೆಯಿರಿ. "ಅವಮಾನ ಮಾಡಿದರು" ಅಂತ ಬರೆದರೆ ಯಾವ ಅಧಿಕಾರಿಗೂ ಏನೂ ತಿಳಿಯುವುದಿಲ್ಲ. "ಚಹಾ ಕೇಳಿದ್ದಕ್ಕೆ, ದುಡಿಯೂದಿಲ್ಲ ದುಃಖ ಪಡೂದಿಲ್ಲ, ಚಹಾ ಬೇರೆ ಬೇಕೇನು ಅಂದ, ಎದುರು ಮನೆ ಕಾಕು ಬಾಗಿಲಲ್ಲಿದ್ದಳು" ಅಂತ ಬರೆದರೆ ಚಿತ್ರ ಸಿಗುತ್ತದೆ. ಆ ನೋಟ್‌ಬುಕ್ ಹಿರಿಯರ ಹತ್ತಿರ ಬೇಡ, ನಿಮ್ಮ ಹತ್ತಿರ ಇರಲಿ. ಫೋನಿನಲ್ಲಿ ಬಂದ ಬೆದರಿಕೆಯ ವಾಯ್ಸ್ ಮೆಸೇಜ್ ಅಳಿಸಬೇಡಿ.

ನಾಲ್ಕನೇ ಹೆಜ್ಜೆ: ಮನೆಯವರ ಜೊತೆ ಮಾತು

ಈಗ ಮಾತಾಡಬಹುದು. ಆದರೆ ಯಾರು ಆಡಬೇಕು ಅನ್ನುವುದು ದೊಡ್ಡ ಪ್ರಶ್ನೆ. ಮಗಳು ಬಾಯಿ ತೆರೆದರೆ "ಪಾಲು ಕೇಳಾಕ ಬಂದಾಳ" ಅನ್ನುವ ಉತ್ತರ ತಯಾರಿರುತ್ತದೆ. 2005ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮ ಪಾಲಿದೆ, ಆ ಹೆದರಿಕೆಯಿಂದಲೇ ಕೆಲವು ಮನೆಗಳಲ್ಲಿ ಅಕ್ಕತಂಗಿಯರ ಬರುವಿಕೆಗೆ ಅಡ್ಡಗಾಲು ಹಾಕುತ್ತಾರೆ. ಪಾಲಿನ ಹಕ್ಕು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಅವ್ವನ ಮಾತು ಎತ್ತಿದ ದಿನ ವಾಟ್ನಿಯ ಮಾತು ಎತ್ತಬೇಡಿ.

ಮಗ ಯಾರ ಮಾತಿಗೆ ತಲೆ ತಗ್ಗಿಸುತ್ತಾನೆ ನೋಡಿ. ಸೋದರಮಾವ ಇರಬಹುದು, ಶಾಲೆಯ ಮಾಸ್ತರರು ಇರಬಹುದು, ಮಠದ ಅಜ್ಜಾರು ಇರಬಹುದು. ಅಂಥ ಒಬ್ಬರು ಸಾಕು. ಹತ್ತು ಮಂದಿ ಕೂಡಿದರೆ ಅವನು ಮಾನದ ಪ್ರಶ್ನೆ ಮಾಡಿಕೊಳ್ಳುತ್ತಾನೆ.

ಸೊಸೆಯ ಬಗ್ಗೆ ಒಂದು ಮಾತು. ಇಂಥ ಕಥೆಗಳಲ್ಲಿ ಎಲ್ಲರ ಬೆರಳೂ ಅವಳ ಕಡೆಗೇ ಹೋಗುತ್ತದೆ. ಹಾಸಿಗೆ ಹಿಡಿದವರ ಬಟ್ಟೆ ಬದಲಿಸುವವಳು ಅವಳು, ರಾತ್ರಿ ಏಳುವವಳು ಅವಳು. ಮಗ ಕಟ್ಟೆ ಮೇಲೆ ಕೂತು "ನಮ್ಮಾಕಿ ಕೇಳಂಗಿಲ್ಲರಿ" ಅಂತ ಕೈ ತೊಳೆದುಕೊಳ್ಳುತ್ತಾನೆ. ಅವಳು ಬೈಯುತ್ತಿರುವುದು ಸುಸ್ತಿನಿಂದಲೋ, ಗಂಡನ ಕುಮ್ಮಕ್ಕಿನಿಂದಲೋ, ಹಳೆಯ ಸೇಡಿನಿಂದಲೋ ಕೇಳಿ ತಿಳಿದುಕೊಳ್ಳಿ. ಅತ್ತೆ ಒಂದು ಕಾಲದಲ್ಲಿ ಅವಳಿಗೆ ಕೊಟ್ಟ ಕಾಟವೂ ಇರಬಹುದು. ಅದು ಇವತ್ತಿನ ಹಿಂಸೆಗೆ ಪರವಾನಗಿ ಅಲ್ಲ, ಆದರೆ ಕೇಳಿಸಿಕೊಂಡರೆ ಅವಳೇ ನಿಮ್ಮ ಕಡೆ ಬರುವ ಸಾಧ್ಯತೆ ಇದೆ. ಸುಸ್ತು ಕಾರಣವಾದರೆ ಉಪಾಯ ಇದೆ: ತಿಂಗಳಲ್ಲಿ ಕೆಲವು ದಿನ ಹಿರಿಯರು ಮಗಳ ಮನೆಗೆ, ಔಷಧದ ಖರ್ಚಿಗೆ ದೂರದ ಮಕ್ಕಳಿಂದ ಹಣ, ಬಟ್ಟೆ ತೊಳೆಯಲು ಒಬ್ಬ ಹೆಂಗಸು.

"ಚಲೋ ನೋಡ್ಕೋ" ಅಂತ ಹೇಳಿ ಬಂದರೆ ಸುಮ್ನೆ ಹೋಗಿ ಬಂದ ಹಾಗೆ. ಕಣ್ಣಿಗೆ ಕಾಣುವಂಥದ್ದನ್ನು ಕೇಳಿ. ಈ ಶನಿವಾರದೊಳಗೆ ಚಷ್ಮಾ ರಿಪೇರಿ. ಊಟಕ್ಕೆ ಮೆತ್ತನ್ನ ರೊಟ್ಟಿ, ಇಲ್ಲಾ ಅನ್ನ ಸಾರು. ಹಾಸಿಗೆ ಮತ್ತೆ ಪಡಸಾಲೆಗೆ. ಫೋನು ಅವರ ಹತ್ತಿರ. ಒಪ್ಪಿದ್ದು ಆಗಿದೆಯಾ ಅಂತ ಮುಂದಿನ ವಾರ ನೋಡಬಹುದು.

ಕುಡಿತ, ಕೊಲ್ಲುವ ಬೆದರಿಕೆ, ಕೋಣೆಯಲ್ಲಿ ಕೂಡಿಹಾಕುವುದು, ಔಷಧ ಕೊಡದಿರುವುದು ಇದ್ದರೆ ಈ ಹೆಜ್ಜೆ ಬಿಟ್ಟುಬಿಡಿ. ನೇರ 112ಕ್ಕೆ ಕರೆ ಮಾಡಿ. ಹಿರಿಯರು "ಬಾವಿಗೆ ಬೀಳ್ತೀನಿ", "ಎಣ್ಣಿ ಕುಡಿತೀನಿ" ಅನ್ನುತ್ತಿದ್ದರೂ ಕಾಯಬೇಡಿ. ಅವರನ್ನು ಒಬ್ಬರೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಬೇರೆ ಕಡೆ ಒಯ್ದಿಡಿ, ಅವತ್ತೇ ವೈದ್ಯರಿಗೆ ತೋರಿಸಿ.

ಐದನೇ ಹೆಜ್ಜೆ: ಹೊರಗಿನ ಸಹಾಯ

ಮೊದಲ ಕರೆ 14567ಕ್ಕೆ. ಇದು ಎಲ್ಡರ್‌ಲೈನ್, ಹಿರಿಯರಿಗಾಗಿಯೇ ಇರುವ ಸಹಾಯವಾಣಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ದೂರು ಕೊಡದೆ ಸಲಹೆ ಮಾತ್ರ ಕೇಳಬಹುದು. ಪಕ್ಕದ ಮನೆಯವರೂ ಕರೆ ಮಾಡಬಹುದು.

ಜೀವನಾಂಶ, ಆಸ್ತಿ ವಾಪಸ್ ಬೇಕು ಅಂದರೆ ಉಪವಿಭಾಗಾಧಿಕಾರಿ ಕಚೇರಿ, ನಮ್ಮ ಜನರ ಬಾಯಲ್ಲಿ ಎಸಿ ಆಫೀಸು. 2007ರ ಕಾಯ್ದೆಯ ನ್ಯಾಯಮಂಡಳಿ ಅಲ್ಲೇ. ಬೆಳಗಾವಿ ಜಿಲ್ಲೆಯವರಿಗೆ ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ. ಬಾಗಲಕೋಟೆಯವರಿಗೆ ಬಾಗಲಕೋಟೆ, ಜಮಖಂಡಿ. ವಿಜಯಪುರದವರಿಗೆ ವಿಜಯಪುರ, ಇಂಡಿ. 60 ತುಂಬಿದವರು ಅರ್ಜಿ ಕೊಡಬಹುದು. ತಂದೆತಾಯಿ ಆದರೆ ವಯಸ್ಸಿನ ಲೆಕ್ಕವೂ ಇಲ್ಲ. ಬರಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೆಯವರು ಅಥವಾ ಸಂಸ್ಥೆ ಕೊಡಬಹುದು. ಮಗ ಪುಣೆಯಲ್ಲಿದ್ದರೂ ಹಿರಿಯರು ತಾವು ಇರುವ ಊರಿನಲ್ಲೇ ಅರ್ಜಿ ಹಾಕಬಹುದು. ವಕೀಲರು ಬೇಕಾಗಿಲ್ಲ. ಮಕ್ಕಳಿಲ್ಲದವರು, ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಆಸ್ತಿ ಹೋಗುವ ಸಂಬಂಧಿಕರ ಮೇಲೆ ಕೇಳಬಹುದು. ನೋಟಿಸ್ ತಲುಪಿದ 90 ದಿನದೊಳಗೆ ತೀರ್ಮಾನ ಆಗಬೇಕು, ಹೆಚ್ಚೆಂದರೆ ಇನ್ನೊಂದು 30 ದಿನ. ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಇದೆ. ಆದೇಶ ಸಮಾಧಾನ ತರದಿದ್ದರೆ 60 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಹಿರಿಯರನ್ನು ಎಲ್ಲೋ ಬಿಟ್ಟುಬರುವುದು ಇದೇ ಕಾಯ್ದೆಯಲ್ಲಿ ಅಪರಾಧ. 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅರ್ಜಿಯಲ್ಲಿ ಬರೀ "ಬೈಯುತ್ತಾರೆ" ಅಂತ ಬರೆದರೆ ತೂಕ ಕಡಿಮೆ. ಈ ಕಾಯ್ದೆಯ ಒತ್ತು ಊಟ, ಬಟ್ಟೆ, ವಸತಿ, ಔಷಧದ ಮೇಲೆ. ಹಾಗಾಗಿ ಮಾತಿನ ಹಿಂಸೆಯ ಜೊತೆ ಇವುಗಳಲ್ಲಿ ಏನು ತಪ್ಪಿದೆ ಅಂತ ನಿಮ್ಮ ನೋಟ್‌ಬುಕ್ ನೋಡಿ ಸೇರಿಸಿ. ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನು ಹೆಸರು ಹಿಡಿದು ಹೇಳುವ ಕಾನೂನು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಅದು ಹೆಂಡತಿಯರಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅದೇ ಮನೆಯಲ್ಲಿರುವ ತಾಯಿಗೂ, ಅತ್ತೆಗೂ ಅದು ಸಿಗುತ್ತದೆ. ಗಂಡಸರಿಗೆ ಮಾತ್ರ ಇಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ, ಇಲ್ಲಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಉಚಿತ ಕಾನೂನು ಸಲಹೆಗೆ 15100. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಅರ್ಜಿ ಕೊಟ್ಟ ಸುದ್ದಿ ಮನೆಗೆ ತಲುಪಿದ ಮರುದಿನವೇ ಎಲ್ಲರೂ ಬಂದು ಕಾಲು ಹಿಡಿಯುತ್ತಾರೆ, ಅರ್ಜಿ ವಾಪಸ್ ತಗೋ ಅನ್ನುತ್ತಾರೆ. ಎಷ್ಟೋ ಜನ ತಗೊಂಡುಬಿಡುತ್ತಾರೆ. ರಾಜಿ ಆಗುವುದು ಕೆಟ್ಟದ್ದೇನಲ್ಲ, ಆದರೆ ಪಡಸಾಲೆಯಲ್ಲಿ ಬಾಯಿಮಾತಿನ ರಾಜಿ ಬೇಡ. ನ್ಯಾಯಮಂಡಳಿ ರಾಜಿಗೆ ಸಂಧಾನ ಅಧಿಕಾರಿಯನ್ನು ನೇಮಿಸಬಹುದು. ಅಲ್ಲಿ ಒಪ್ಪಿದ್ದು ಆದೇಶವಾಗಿ ಬರುತ್ತದೆ. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ, ಮಲಗುವುದು ಎಲ್ಲಿ, ಔಷಧ ಯಾರು ತರಬೇಕು ಅಂತ ಬಿಡಿ ಬಿಡಿಯಾಗಿ ಬರೆಸಿ. ಆದೇಶದ ಪ್ರತಿಯನ್ನು ಹಿರಿಯರಿಗೆ ಹಣ ತೆಗೆದುಕೊಳ್ಳದೇ ಕೊಡಬೇಕು. ಒಂದು ಝರಾಕ್ಸ್ ಮಗಳ ಹತ್ತಿರ ಇರಲಿ, ಇನ್ನೊಂದು ಪಕ್ಕದ ಮನೆಯಲ್ಲಿ. ಆದೇಶದಂತೆ ಹಣ ಬರದಿದ್ದರೆ ತಪ್ಪಿದ ತಿಂಗಳಿಂದ 3 ತಿಂಗಳೊಳಗೆ ಅದೇ ಕಚೇರಿಗೆ ಮತ್ತೆ ಅರ್ಜಿ ಕೊಡಬೇಕು. ಬಾಕಿ ವಸೂಲಿಗೆ ವಾರಂಟ್ ಹೊರಡುತ್ತದೆ, ಆಗಲೂ ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲೂ ಆಗಬಹುದು.